ಸಮಾಧಿಯ ಬಳಿಯ ತೋಟ

(ಧ್ಯಾನಕ್ಕಾಗಿ: ಆದಿಕಾಂಡ 23:17, ಯೋಹಾನ 19:41, ಯೋಹಾನ 20:15)



ನಮ್ಮ ರಕ್ಷಕನ ಮರಣವನ್ನು ನಾಲ್ವರು ಸುವಾರ್ತಿಕರೂ ವಿವರಿಸಿದ್ದಾರೆ. ಅರಿಮಥಾಯದ ಯೋಸೇಫನು ದೇಹವನ್ನು ಬೇಡಿಕೊಂಡದ್ದನ್ನೂ, ಅದನ್ನು ನಾರುಬಟ್ಟೆಯಲ್ಲಿ ಸುತ್ತಿ ಸಮಾಧಿಯಲ್ಲಿಟ್ಟದ್ದನ್ನೂ ನಾಲ್ವರೂ ತಿಳಿಸುತ್ತಾರೆ. ಆದರೆ ಆ ಸಮಾಧಿಯು ಒಂದು ತೋಟದಲ್ಲಿತ್ತೆಂಬ ಸಂಗತಿಯನ್ನು ಬರೆದಿಟ್ಟವನು ಯೋಹಾನನೊಬ್ಬನೇ. ಶಿಲುಬೆಯ ಕೆಳಗೆ ಕಡೆಯ ವರೆಗೆ ನಿಂತಿದ್ದ ಆ ಶಿಷ್ಯನ ಕಣ್ಣಿಗೆ, ಆ ಘೋರವಾದ ದಿನದಲ್ಲಿಯೂ, ಹತ್ತಿರದಲ್ಲಿದ್ದ ಹಸುರು ಬಿದ್ದಿತು. ಅದನ್ನು ಪವಿತ್ರಾತ್ಮನು ವ್ಯರ್ಥವಾಗಿ ಬರೆಯಿಸಲಿಲ್ಲವೆಂದು ನಾವು ನಂಬುತ್ತೇವೆ. ಆದದರಿಂದ ನಮ್ಮನ್ನು ಬಿಟ್ಟು ಮುಂದೆ ಹೋದ ಪ್ರಿಯರ ಜ್ಞಾಪಕಾರ್ಥವಾಗಿ ತೋಟವನ್ನು ಬೆಳೆಸುವ ವಿಷಯವನ್ನು ಈ ತಿಂಗಳು ಒಟ್ಟಾಗಿ ಆಲೋಚಿಸೋಣ.

ಮೊದಲು ನಮ್ಮ ಸಮಾಧಿಭೂಮಿಗಳ ಸ್ಥಿತಿಯನ್ನು ನೋಡಿರಿ. ಸಿರುಗುಪ್ಪದ ಕಡೆಯಾಗಲಿ, ಕುರುಗೋಡಿನ ಕಡೆಯಾಗಲಿ, ಒಂದು ಹಳ್ಳಿಯ ಸಭೆಯವರು ತಮ್ಮವರನ್ನು ಮಣ್ಣುಮಾಡುವ ಸ್ಥಳವನ್ನು ಹುಡುಕಿಕೊಂಡು ಹೋಗುವವನಿಗೆ ಅನೇಕ ವೇಳೆ ದಾರಿ ತೋರಿಸುವದು ಯಾವದು? ಬಳ್ಳಾರಿ ಜಾಲಿಯ ಪೊದೆ. ನಾಡಿನಲ್ಲೆಲ್ಲಾ ನಮ್ಮ ಊರಿನ ಹೆಸರನ್ನು ಹೊತ್ತಿರುವ ಈ ಮುಳ್ಳುಗಿಡವು ನಮ್ಮ ನೆಲದ್ದಲ್ಲ. ಸಮುದ್ರದಾಚೆಯ ಅಮೇರಿಕಾ ಖಂಡದಿಂದ 19ನೆಯ ಶತಮಾನದಲ್ಲಿ ಈ ದೇಶಕ್ಕೆ ಬಂದದ್ದು. ಕುರಿಮೇಕೆಗಳು ಅದರ ಕಾಯಿಯನ್ನು ತಿಂದು ಬೀಜವನ್ನು ಊರೂರಿಗೆ ಹರಡುತ್ತವೆ. ಬುಡದ ಮೇಲೆ ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ವರ್ಷಕ್ಕೊಂದು ಸಾರಿ ಯಾರಾದರೂ ತೀರಿಕೊಂಡಾಗ ಮಾತ್ರ ಕುಡುಗೋಲು ಹಿಡಿದು ಒಳಗೆ ದಾರಿ ಮಾಡಿಕೊಳ್ಳುತ್ತೇವೆ. ಹೊಸ ಕುಣಿಯನ್ನು ತೋಡುವಾಗ ಹಳೆಯ ಕುಣಿ ಯಾರದೆಂದು ತಿಳಿಯದೆ ಸಲಿಕೆಯನ್ನು ಹಿಡಿದವನು ಅಂಜುತ್ತಾನೆ. ಎರೆಭೂಮಿಯಲ್ಲಿಯಂತೂ ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು, ಮಳೆಗಾಲದಲ್ಲಿ ಉಬ್ಬಿ, ಕಟ್ಟಿದ ಕಟ್ಟೆಯು ಸೀಳಿಹೋಗುತ್ತದೆ, ನೆಟ್ಟ ಕಲ್ಲು ವಾಲುತ್ತದೆ. ಹತ್ತು ವರುಷಗಳಲ್ಲಿ ತಾಯಿಯ ಸಮಾಧಿಯನ್ನು ಮಗನು ಗುರುತಿಸಲಾರನು.

ಪುನರುತ್ಥಾನದ ಹಬ್ಬದ ಬೆಳಗಿನ ಜಾವದಲ್ಲಿ ಕರ್ತನು ಎದ್ದನೆಂದು ಹಾಡುವವರು ನಾವು. ಹೀಗಿರಲಾಗಿ, ನಿರೀಕ್ಷೆಯುಳ್ಳವರಾಗಿ ಮಲಗಿಸಿದವರನ್ನು ಮುಳ್ಳಿಗೆ ಒಪ್ಪಿಸಿ ಮರೆತುಬಿಟ್ಟರೆ, ನಮ್ಮ ನೆರೆಯವರು ನಮ್ಮ ನಿರೀಕ್ಷೆಯ ವಿಷಯದಲ್ಲಿ ಏನೆಂದು ತಿಳಿದುಕೊಂಡಾರು?

ಕೆಲವರು ಒಂದು ಆಕ್ಷೇಪವನ್ನು ಹೇಳುವರು. ಸತ್ತವರ ಗೊಡವೆ ಸತ್ತವರಿಗೆ ಇರಲೆಂದು ಕರ್ತನು ತಾನೇ ಒಬ್ಬನಿಗೆ ಹೇಳಲಿಲ್ಲವೇ ಎಂಬದಾಗಿ. ಹೌದು, ಹೇಳಿದನು. ಆದರೆ ಹಿಂಬಾಲಿಸುವದಕ್ಕೆ ನೆವವನ್ನು ಹುಡುಕುತ್ತಿದ್ದವನಿಗೆ ಅದನ್ನು ಹೇಳಿದನು. ಅದೇ ಕರ್ತನು ಬೇತಾನ್ಯದಲ್ಲಿ ಲಾಜರನ ಸಮಾಧಿಯ ಬಳಿಗೆ ಹೋದಾಗ ಅತ್ತನು. ತನ್ನ ಶವಸಂಸ್ಕಾರಕ್ಕಾಗಿ ಮುಂದಾಗಿ ಸುಗಂಧತೈಲವನ್ನು ಹೊಯ್ದ ಸ್ತ್ರೀಯನ್ನು ಶಿಷ್ಯರು ಗದರಿಸಿದಾಗ ಆತನು ಅವಳ ಪಕ್ಷವನ್ನು ಹಿಡಿದು, ಲೋಕದಲ್ಲೆಲ್ಲಾ ಅವಳ ಜ್ಞಾಪಕವಿರುವದೆಂದು ವಾಗ್ದಾನಮಾಡಿದನು. ಪ್ರೀತಿಯಿಂದ ಮಾಡಿದ ಜ್ಞಾಪಕದ ಕಾರ್ಯವನ್ನು ಆತನು ತಿರಸ್ಕರಿಸುವವನಲ್ಲ.

ಒಂದನೆಯದಾಗಿ, ದೇವಜನರು ತಮ್ಮವರನ್ನು ಮರಗಳ ಬಳಿಯಲ್ಲಿ ಮಲಗಿಸಿದರೆಂಬದನ್ನು ತಿಳಿಯೋಣ.

ಸಾರಳು ತೀರಿಕೊಂಡಾಗ ಅಬ್ರಹಾಮನಿಗೆ ಕಾನಾನ್ ದೇಶದಲ್ಲಿ ಒಂದು ಗೇಣು ಸ್ವಂತ ಭೂಮಿಯೂ ಇರಲಿಲ್ಲ. ಆತನು ಪರದೇಶಿ. ಹಿತ್ತಿಯರು ಬಿಟ್ಟಿಯಾಗಿ ಕೊಡುತ್ತೇವೆಂದರೂ ಒಪ್ಪದೆ, 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಮಕ್ಪೇಲದ ಹೊಲವನ್ನು ಕೊಂಡುಕೊಂಡನು. ಆ ಕ್ರಯದ ವಿವರದಲ್ಲಿ ಹೊಲವೂ ಗವಿಯೂ ಸೇರಿದ್ದಲ್ಲದೆ, ಎಲ್ಲೆಯೊಳಗಿನ ಮರಗಳೂ ಸೇರಿದವೆಂದು ಸತ್ಯವೇದವು ಬರೆದಿಡುತ್ತದೆ. ವಾಗ್ದತ್ತ ದೇಶದಲ್ಲಿ ದೇವಜನರು ಹಣ ಕೊಟ್ಟು ಪಡೆದ ಮೊದಲನೆಯ ಭೂಮಿಯು ಮರಗಳುಳ್ಳ ಒಂದು ಸಮಾಧಿಭೂಮಿ. ಹೊಲದ ಪಟ್ಟಾ ಇಲ್ಲದ ಬಡವರಾದ ನಮ್ಮ ಅನೇಕ ಸಭೆಯವರು ಇದನ್ನು ಮನಸ್ಸಿನಲ್ಲಿಡಲಿ. ನೆಲದ ವಿಷಯದಲ್ಲಿ ಅಬ್ರಹಾಮನು ಮಾಡಿದಂತೆ ಎಲ್ಲೆಯನ್ನು ನಿಶ್ಚಯಿಸಿ, ಕಾಗದಪತ್ರವನ್ನು ಸರಿಮಾಡಿಕೊಂಡ ಮೇಲೆಯೇ ಗಿಡ ನೆಡುವದು ಒಳ್ಳೇದು. ಇಲ್ಲವಾದರೆ ಮರ ಬೆಳೆದ ಮೇಲೆ ಜಗಳವೂ ಬೆಳೆಯುವದು.

ಇನ್ನೊಂದು ಸಂಗತಿ ನೋಡಿರಿ. ರೆಬೆಕ್ಕಳು ತವರುಮನೆಯಿಂದ ಹೊರಟಾಗ ಅವಳೊಡನೆ ಒಬ್ಬ ದಾದಿಯು ಬಂದಳು. ಅಲ್ಲಿ ಅವಳ ಹೆಸರು ಹೇಳಿಲ್ಲ. ಅವಳು ಎಷ್ಟೋ ವರುಷ ಆ ಮನೆಯಲ್ಲಿ ದುಡಿದಳು, ಮಕ್ಕಳನ್ನು ಎತ್ತಿ ಆಡಿಸಿದಳು, ಮುದುಕಿಯಾದಳು. ಬೇತೇಲಿನ ಬಳಿಯಲ್ಲಿ ಅವಳು ಸತ್ತಾಗ ಅವಳನ್ನು ಒಂದು ದೊಡ್ಡ ಮರದ ಕೆಳಗೆ ಹೂಣಿಟ್ಟರು. ಆಗ ಮಾತ್ರ ಅವಳ ಹೆಸರು ದೆಬೋರಳೆಂದು ನಮಗೆ ತಿಳಿಯುತ್ತದೆ. ಆ ಮರಕ್ಕೆ ಅಳುವಿನ ಮರವೆಂಬ ಅರ್ಥವುಳ್ಳ ಹೆಸರಾಯಿತು. ನೋಡಿರಿ, ಅವಳು ರಾಣಿಯಲ್ಲ, ಪ್ರವಾದಿನಿಯಲ್ಲ, ಮನೆಗೆಲಸದವಳು. ಅವಳ ಹೆಸರನ್ನು ಉಳಿಸಿದ್ದು ಒಂದು ಮರ. ನಮ್ಮ ಅವ್ವಂದಿರೂ ಅಜ್ಜಿಯರೂ ಇಂಥವರೇ ಅಲ್ಲವೇ? ಇನ್ನೊಬ್ಬರ ಹೊಲದಲ್ಲಿ ನಾಟಿ ಮಾಡಿ, ಕಳೆ ಕಿತ್ತು, ಹತ್ತಿ ಬಿಡಿಸಿ, ನಮ್ಮನ್ನು ಶಾಲೆಗೆ ಕಳುಹಿಸಿದರು. ಅವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ.

ಹಾಗೆಯೇ ಯಾಬೇಷ್ ಗಿಲ್ಯಾದಿನವರು, ಶತ್ರುಗಳಿಂದ ಅವಮಾನಹೊಂದಿದ ಸೌಲನ ಮತ್ತು ಅವನ ಮಕ್ಕಳ ದೇಹಗಳನ್ನು ರಾತ್ರಿಯೆಲ್ಲಾ ನಡೆದು ತಂದು, ಅವರ ಎಲುಬುಗಳನ್ನು ತಮ್ಮೂರಿನ ಪಿಚುಲವೃಕ್ಷದ ಕೆಳಗೆ ಹೂಣಿಟ್ಟರು. ಅವಮಾನದ ಮರಣವನ್ನು ಹೊಂದಿದವರಿಗೂ ನೆರಳಿನಲ್ಲಿ ಸ್ಥಳ ದೊರೆಯಿತು.

ಎರಡನೆಯದಾಗಿ, ಕಲ್ಲಿನ ಜ್ಞಾಪಕಕ್ಕಿಂತ ನೆರಳಿನ ಜ್ಞಾಪಕವು ಹೆಚ್ಚಿನವರಿಗೆ ಉಪಯೋಗವಾಗುವದೆಂಬದನ್ನು ತಿಳಿಯೋಣ.

ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಇದಕ್ಕೆ ದೃಷ್ಟಾಂತವುಂಟು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ, 1807ರ ವರೆಗೆ ಥಾಮಸ್ ಮನ್ರೋ ಸಾಹೇಬರು ಇಲ್ಲಿಯ ಮುಖ್ಯ ಕಲೆಕ್ಟರರಾಗಿದ್ದರು. ಆಮೇಲೆ ಅವರು ಮದರಾಸಿನ ಗವರ್ನರರಾದರು. ಸ್ವದೇಶಕ್ಕೆ ಹಿಂತಿರುಗುವದಕ್ಕೆ ಮುಂಚೆ ತಾವು ದುಡಿದ ಸೀಮೆಯನ್ನು ಇನ್ನೊಮ್ಮೆ ನೋಡಬೇಕೆಂದು ಬಂದವರು, 1827ನೆಯ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡರು. ದೇಹವನ್ನು ಗುತ್ತಿಯ ಕೋಟೆಯ ಕೆಳಗೆ ಮಣ್ಣುಮಾಡಿದರು. 1831ರಲ್ಲಿ ಮದರಾಸಿಗೆ ಒಯ್ದರು. ಮದರಾಸಿನಲ್ಲಿ ಅವರಿಗೆ ಕುದುರೆಯ ಮೇಲೆ ಕೂತ ದೊಡ್ಡ ಲೋಹದ ಪ್ರತಿಮೆ ನಿಂತಿತು. ಆದರೆ ಅವರು ಪ್ರಾಣಬಿಟ್ಟ ಪತ್ತಿಕೊಂಡದಲ್ಲಿ ಸರಕಾರದವರು ಮಾಡಿದ್ದು ಬೇರೆ: ಒಂದು ಮರಗಳ ತೋಪನ್ನು ನೆಡಿಸಿ, ಕಲ್ಲು ಮೆಟ್ಟಲಿನ ಬಾವಿಯನ್ನು ಕಟ್ಟಿಸಿದರು. ಪ್ರಿಯರೇ, ಪ್ರತಿಮೆಯನ್ನು ನೋಡುವವನು ತಲೆಯೆತ್ತಿ ನೋಡಿ ಮುಂದೆ ಹೋಗುತ್ತಾನೆ. ತೋಪಿಗೆ ಬಂದವನು ಕೂತುಕೊಳ್ಳುತ್ತಾನೆ, ನೀರು ಕುಡಿಯುತ್ತಾನೆ. ರೋಗದಿಂದ ದಾಹಗೊಂಡು ಒಬ್ಬನು ಸತ್ತ ಸ್ಥಳದಲ್ಲಿ, ಬಾಯಾರಿದವರಿಗೆ ನೀರು ಸಿಕ್ಕಿತು. ಜ್ಞಾಪಕವೆಂದರೆ ಹೀಗಿರಬೇಕು.

ಅಬ್ಷಾಲೋಮನ ಕಥೆಯು ಇದಕ್ಕೆ ವಿರುದ್ಧವಾದದ್ದು. ತನ್ನ ಹೆಸರನ್ನು ಹೇಳುವದಕ್ಕೆ ಮಗನಿಲ್ಲವೆಂದು ಅವನು ಬದುಕಿರುವಾಗಲೇ ತನಗಾಗಿ ಒಂದು ಕಂಬವನ್ನು ನಿಲ್ಲಿಸಿಕೊಂಡನು. ಅವನ ಶವವಾದರೋ ಅಡವಿಯ ಗುಂಡಿಯಲ್ಲಿ ಕಲ್ಲುಕುಪ್ಪೆಯ ಕೆಳಗೆ ಬಿತ್ತು. ನಮ್ಮ ಕರ್ನಾಟಕದಲ್ಲಿ ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನಿಗೂ ಮಕ್ಕಳಿರಲಿಲ್ಲ. ಅವಳೂ ಗಂಡ ಚಿಕ್ಕಯ್ಯನೂ ಕೂಲಿಯವರು. ಅವರು ಕಂಬವನ್ನು ನಿಲ್ಲಿಸಲಿಲ್ಲ; ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಹಾದಿಯಲ್ಲಿ ಮುನ್ನೂರಕ್ಕೆ ಮೇಲ್ಪಟ್ಟು ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಬೆಳೆಸಿದರು. 1991ರಲ್ಲಿ ಚಿಕ್ಕಯ್ಯನು ತೀರಿಕೊಂಡನು. 2025ನೆಯ ನವೆಂಬರ್ 14ರಂದು, ನೂರು ದಾಟಿದ ವಯಸ್ಸಿನಲ್ಲಿ, ತಿಮ್ಮಕ್ಕನೂ ತೀರಿಕೊಂಡಳು. ಅವರಿಬ್ಬರನ್ನೂ ಮರಗಳು ಜ್ಞಾಪಿಸುತ್ತವೆ. ಸಂತಾನವಿಲ್ಲದವರು ತಮ್ಮನ್ನು ಒಣಮರವೆಂದು ಹೇಳಿಕೊಳ್ಳಬಾರದೆಂದೂ, ಅವರಿಗೆ ಗಂಡುಹೆಣ್ಣು ಮಕ್ಕಳಿಗಿಂತ ಶ್ರೇಷ್ಠವಾದ ಹೆಸರನ್ನು ತನ್ನ ಆಲಯದಲ್ಲಿ ಕೊಡುವೆನೆಂದೂ ದೇವರು ಯೆಶಾಯನ ಮೂಲಕ ತಿಳಿಸಿದ್ದಾನೆ. ನಮ್ಮ ಸಭೆಗಳಲ್ಲಿ ಮಕ್ಕಳಿಲ್ಲದೆ ತೀರಿಕೊಂಡವರಿದ್ದಾರೆ. ಅವರ ಹೆಸರನ್ನು ಹೇಳುವವರು ಯಾರು? ಸಭೆಯೇ ಹೇಳಬೇಕು.

ರಾಜಸ್ಥಾನದಲ್ಲಿ ಪಿಪ್ಲಾಂತ್ರಿ ಎಂಬ ಹಳ್ಳಿಯುಂಟು. ಅಲ್ಲಿಯ ಮುಖಂಡರಾದ ಶ್ಯಾಮಸುಂದರ ಪಾಲಿವಾಲ್ ಎಂಬವರು ತಮ್ಮ ಮಗಳು ಕಿರಣಳನ್ನು ಚಿಕ್ಕ ಪ್ರಾಯದಲ್ಲಿ ಕಳೆದುಕೊಂಡರು. ಅವಳ ನೆನಪಿಗಾಗಿ ಗಿಡವನ್ನು ನೆಟ್ಟರು. ದುಃಖವು ಅಷ್ಟಕ್ಕೇ ನಿಲ್ಲಲಿಲ್ಲ. ಆ ಹಳ್ಳಿಯಲ್ಲಿ ಹುಟ್ಟುವ ಒಂದೊಂದು ಹೆಣ್ಣುಕೂಸಿಗಾಗಿ 111 ಗಿಡಗಳನ್ನು ನೆಡುವ ಪದ್ಧತಿಯು ಅದರಿಂದ ಹುಟ್ಟಿತು. ಹೆಣ್ಣು ಹುಟ್ಟಿದರೆ ಮುಖ ತಿರುಗಿಸುತ್ತಿದ್ದ ಸೀಮೆಯಲ್ಲಿ, ಸತ್ತ ಒಬ್ಬ ಹುಡುಗಿಯ ನೆನಪು ಬದುಕುವ ಹುಡುಗಿಯರಿಗೆ ಮಾನವನ್ನು ತಂದಿತು. ಗೋದಿಯ ಕಾಳು ನೆಲಕ್ಕೆ ಬಿದ್ದು ಸತ್ತರೆ ಬಹಳ ಫಲವಾಗುವದೆಂದು ಕರ್ತನು ಹೇಳಿದ ಮಾತನ್ನು ಇಲ್ಲಿ ನೆನಸದೆ ಇರಲಾದೀತೇ?

ಮೂರನೆಯದಾಗಿ, ಸಮಾಧಿಯೇ ಇಲ್ಲದವರನ್ನು ನೆನಸೋಣ.

ಇದು ನನ್ನ ಮಾತಿನ ಮುಖ್ಯ ಭಾಗ. ದಯಮಾಡಿ ತಾಳ್ಮೆಯಿಂದ ಓದಿರಿ. 1876ರಿಂದ 1878ರ ವರೆಗಿನ ದೊಡ್ಡ ಬರಗಾಲದಲ್ಲಿ ಬಳ್ಳಾರಿ ಜಿಲ್ಲೆಯು ಅತ್ಯಂತ ಕಷ್ಟಪಟ್ಟ ಜಿಲ್ಲೆಗಳಲ್ಲೊಂದು. 1871ರ ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿಯ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಯಿತು. ದಾರಿಯಲ್ಲಿ ಬಿದ್ದವರೂ ಗಂಜಿಕೇಂದ್ರಗಳಲ್ಲಿ ಸತ್ತವರೂ ನಮ್ಮ ಮುತ್ತಜ್ಜನ ಅಣ್ಣತಮ್ಮಂದಿರು, ಅಕ್ಕತಂಗಿಯರು. 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಅಯ್ಯನವರ ಹೆಸರು ನಮ್ಮ ನಾಲಿಗೆಯ ಮೇಲಿದೆ. ಅವರ ಕೆಲಸಕ್ಕೆ ಕೈಕೊಟ್ಟ ಈ ನೆಲದ ಮಕ್ಕಳ ಹೆಸರು ನಮ್ಮ ನಾಲಿಗೆಯ ಮೇಲಿಲ್ಲ.

ಬಹಳ ಹಿಂದಿನ ಮಾತೇಕೆ? 2020 ಮತ್ತು 2021ರ ಕೊರೋನಾ ಸೋಂಕಿನ ದಿನಗಳು ನಮ್ಮ ಕಣ್ಣ ಮುಂದೆಯೇ ಇವೆ. 2020ನೆಯ ಜೂನ್ ತಿಂಗಳ ಕಡೆಯಲ್ಲಿ ಬಳ್ಳಾರಿಯಲ್ಲಿ ಸೋಂಕಿನಿಂದ ಸತ್ತವರ ಶವಗಳನ್ನು ಒಂದು ಗುಂಡಿಯೊಳಗೆ ಎಸೆದ ದೃಶ್ಯವನ್ನು ದೇಶವೆಲ್ಲಾ ಕಂಡಿತು. ಅಧಿಕಾರಿಗಳು ಅದಕ್ಕಾಗಿ ಸಾರ್ವಜನಿಕರ ಕ್ಷಮೆಯನ್ನು ಕೇಳಿದರು. ಆ ಕೆಲಸವನ್ನು ಮಾಡಿದವರೂ ಪ್ರಾಣಭಯದಲ್ಲಿದ್ದ ಬಡವರೇ. ಅವರ ಮೇಲೆ ಕಲ್ಲೆಸೆಯುವದಕ್ಕೆ ನಾನು ಇದನ್ನು ಬರೆಯುವದಿಲ್ಲ. ಆದರೆ ಆ ದಿನಗಳಲ್ಲಿ ಎಷ್ಟೋ ಮನೆಯವರು ಸತ್ತವರ ಮುಖವನ್ನು ಕಾಣಲಿಲ್ಲ, ಬಾಯಿಗೆ ನೀರು ಹಾಕಲಿಲ್ಲ, ಒಂದು ಹಿಡಿ ಮಣ್ಣನ್ನೂ ಕೊಡಲಿಲ್ಲ. ಸಮಾಧಾನ ಹೇಳುವದಕ್ಕೆ ಹೋದ ಉಪದೇಶಿಯನ್ನು ಇಂಥ ತಾಯಂದಿರು ಕೇಳುವ ಮಾತು ಒಂದೇ: “ಅಯ್ಯನವರೇ, ನನ್ನ ಮಗನನ್ನು ಎಲ್ಲಿ ಇಟ್ಟರೋ ನನಗೆ ತಿಳಿಯದು. ಹಬ್ಬದ ದಿನ ಎಲ್ಲರೂ ಹೂವು ಹಿಡಿದು ಹೋಗುತ್ತಾರೆ. ನಾನು ಎಲ್ಲಿಗೆ ಒಯ್ಯಲಿ?”

ಖಾಲಿಯಾದ ಸಮಾಧಿಯ ಬಳಿಯಲ್ಲಿ ಮಗ್ದಲದ ಮರಿಯಳು ಅತ್ತುಕೊಂಡು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ? ತನ್ನ ಸ್ವಾಮಿಯನ್ನು ಎಲ್ಲಿ ಇಟ್ಟರೋ ತಿಳಿಯದೆಂಬದೇ ಅವಳ ದುಃಖ. ಮರಣದ ದುಃಖ ಒಂದು. ಸ್ಥಳ ತಿಳಿಯದ ದುಃಖ ಎರಡನೆಯದು. ಮೊದಲನೆಯದನ್ನು ನಾವು ನೀಗಿಸಲಾರೆವು. ಎರಡನೆಯದಕ್ಕೆ ಸಭೆಯು ಏನಾದರೂ ಮಾಡಬಲ್ಲದು. ಗುಜರಾತಿನಲ್ಲಿ 2001ನೆಯ ಜನವರಿ 26ರ ಭೂಕಂಪದಲ್ಲಿ ಸತ್ತವರಿಗಾಗಿ ಭುಜ್ ಪಟ್ಟಣದ ಗುಡ್ಡದ ಮೇಲೆ ಮರಗಳನ್ನು ನೆಟ್ಟು, ಅವರ ಹೆಸರುಗಳನ್ನು ಕೆತ್ತಿ, ಸ್ಮೃತಿವನವನ್ನು ಮಾಡಿದ್ದಾರೆ. ಅದು 2022ರಲ್ಲಿ ಜನರಿಗೆ ತೆರೆಯಿತು. ಅಷ್ಟು ದೊಡ್ಡದು ನಮ್ಮಿಂದಾಗದು. ಆದರೆ ದೇವಾಲಯದ ಅಂಗಳದಲ್ಲಿ ಹತ್ತು ಅಡಿ ನೆಲ ನಮಗಿಲ್ಲವೇ? ಅಲ್ಲಿ ಒಂದು ಬೇವನ್ನಾದರೂ ನೆಟ್ಟು, ಸಮಾಧಿಯಿಲ್ಲದ ಎಲ್ಲರ ಹೆಸರನ್ನು ಅದರ ಬಳಿಯಲ್ಲಿ ಓದಿದರೆ, ಆ ತಾಯಿಗೆ ಹೂವನ್ನಿಡುವ ಸ್ಥಳವಾಯಿತು.

ನಾಲ್ಕನೆಯದಾಗಿ, ಈ ಕಾರ್ಯದಲ್ಲಿ ನಾವು ಎಚ್ಚರವಾಗಿರಬೇಕಾದ ಸಂಗತಿಗಳನ್ನು ಹೇಳುತ್ತೇನೆ.

ತೋಟವು ಸತ್ತವರಿಗೆ ಏನನ್ನೂ ಮಾಡಲಾರದು. ನಾವು ನೀರು ಹೊಯ್ಯುವದರಿಂದ ಅವರ ದಾಹ ತೀರುವದಿಲ್ಲ. ನಮ್ಮ ಹೂವಿನಿಂದ ಅವರ ಪಾಪವು ಕ್ಷಮಿಸಲ್ಪಡುವದಿಲ್ಲ. ಕ್ರಿಸ್ತನಲ್ಲಿ ನಿದ್ರೆಹೋದವರು ಕ್ರಿಸ್ತನ ಕೈಯಲ್ಲಿದ್ದಾರೆ; ಆ ಕೈಗೆ ನಾವು ಕೂಡಿಸತಕ್ಕದ್ದು ಏನೂ ಇಲ್ಲ. ಆದದರಿಂದ ಮರಕ್ಕೆ ಕೈಮುಗಿಯಬೇಡಿರಿ, ದಾರ ಸುತ್ತಬೇಡಿರಿ, ಅದರ ಕೆಳಗೆ ಎಡೆ ಇಡಬೇಡಿರಿ. ಸತ್ತವರ ಆತ್ಮವು ಮರದಲ್ಲಿ ಸೇರಿಕೊಂಡಿದೆಯೆಂಬ ಮಾತನ್ನು ನಂಬಬೇಡಿರಿ. ಗಿಡವು ಒಣಗಿದರೆ ಅದು ಶಕುನವಲ್ಲ. ಎಳೆಯ ಗಿಡಗಳಲ್ಲಿ ಹಲವು ನಮ್ಮ ಚೈತ್ರ ವೈಶಾಖದ ಬಿಸಿಲಿಗೆ ಸಾಯುತ್ತವೆ. ಮಗುವನ್ನು ಕಳೆದುಕೊಂಡ ತಾಯಿಯು ಅದರ ಹೆಸರಿನ ಗಿಡ ಒಣಗಿದ್ದನ್ನು ಕಂಡು, ನನ್ನ ಮಗು ಎರಡನೆಯ ಸಾರಿ ಸತ್ತಿತೆಂದು ಅಳುವಂತಾಗಬಾರದು. ಇದಕ್ಕಾಗಿಯೇ ಒಂದೊಂದು ಗಿಡಕ್ಕೆ ಒಂದೊಂದು ಹೆಸರನ್ನು ಕಟ್ಟುವದಕ್ಕಿಂತ, ತೋಟವೆಲ್ಲಾ ಎಲ್ಲರದೆಂದು ಇಡುವದು ಮೇಲು. ಒಂದು ಒಣಗಿದರೆ ಇನ್ನೊಂದನ್ನು ನೆಡಿರಿ. ಹಣ್ಣು ಬಿಟ್ಟರೆ ಮಕ್ಕಳು ಸಂತೋಷದಿಂದ ತಿನ್ನಲಿ. ಅದು ದೇವರು ಕೊಟ್ಟ ಹಣ್ಣು.

ಎರಡನೆಯ ಎಚ್ಚರಿಕೆಯು ಸಾಲದ ವಿಷಯವಾದದ್ದು. ತಂದೆ ಬದುಕಿರುವಾಗ ಔಷಧಕ್ಕೆ ಹಣವಿಲ್ಲದವರು, ಸತ್ತ ಮೇಲೆ ನಯಮಾಡಿದ ಕಲ್ಲಿನ ಸಮಾಧಿಗೂ ಊಟಕ್ಕೂ ಬಡ್ಡಿಗೆ ಹಣ ತರುವದುಂಟು. ಇದು ಪ್ರೀತಿಗಿಂತ ಹೆಚ್ಚಾಗಿ ನೆರೆಯವರ ನಾಲಿಗೆಯ ಭಯ. ಸಿರುಗುಪ್ಪ ತಾಲೂಕಿನ ನಿಟ್ಟೂರಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಎರಡು ಸಾವಿರ ವರುಷಗಳಿಗೆ ಹಿಂದೆ ಕೆತ್ತಿಸಿದ ಶಾಸನವು ತಂದೆತಾಯಿಗಳ ಮಾತನ್ನು ಕೇಳಬೇಕೆಂದು ಹೇಳುತ್ತದೆ. ದೇವರು ಸೀನಾಯಿ ಬೆಟ್ಟದ ಮೇಲೆ ಕೊಟ್ಟ ಐದನೆಯ ಆಜ್ಞೆಯೂ ಅವರನ್ನು ಸನ್ಮಾನಿಸಬೇಕೆಂದು ಹೇಳುತ್ತದೆ. ಆ ಸನ್ಮಾನವು ಅವರು ಬದುಕಿರುವಾಗಲೇ ಸಲ್ಲಬೇಕಾದದ್ದು. ಸತ್ತ ಮೇಲಾದರೋ ಒಂದು ಸಸಿ, ಒಂದು ಕೊಡ ನೀರು, ದಿನಕ್ಕೆ ಸ್ವಲ್ಪ ಹೊತ್ತು ಸಾಕು. ಇವು ಬಡವನ ಕೈಯಲ್ಲಿಯೂ ಉಂಟು.

ಮೂರನೆಯ ಎಚ್ಚರಿಕೆಯು ಎಲ್ಲಕ್ಕಿಂತ ಕಠಿಣವಾದದ್ದು. ಒಂದೇ ರೊಟ್ಟಿಯಲ್ಲಿ ಪಾಲುಗಾರರಾದ ನಾವು ಮಣ್ಣಿನಲ್ಲಿ ಸಾಲುಗಳನ್ನು ಬೇರೆ ಮಾಡಿಕೊಳ್ಳಬಹುದೋ? ಇಂಥವರು ಈ ಕಡೆ, ಅಂಥವರು ಆ ಕಡೆ ಎಂಬ ಮಾತು ಸಮಾಧಿಭೂಮಿಯಲ್ಲಿ ಕೇಳಿಬರಬಾರದು. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವದಕ್ಕೆ 1917ರಲ್ಲಿ ಸ್ಥಾಪಿತವಾದ ಮಂಡಲಿಯವರು ಒಂದು ನಿಯಮವನ್ನು ಮಾಡಿದರು: ಸೇನಾಪತಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಮತ್ತು ಕಲ್ಲಿನ ಬುಡದಲ್ಲಿ ಹೂವಿನ ಗಿಡಗಳು. ಧನವಂತರು ತಮ್ಮ ಮಕ್ಕಳಿಗೆ ದೊಡ್ಡ ಕಲ್ಲನ್ನು ನಿಲ್ಲಿಸುತ್ತೇವೆಂದು ಬೇಡಿದರೂ ಅವರು ಒಪ್ಪಲಿಲ್ಲ. ಇಂಥ ತೋಟಗಳು ನಮ್ಮ ದೇಶದಲ್ಲಿ ಮದರಾಸಿನಲ್ಲಿಯೂ ಕೊಹಿಮಾದಲ್ಲಿಯೂ ಇವೆ. ಲೋಕದ ಸೈನ್ಯವು ತನ್ನ ಸತ್ತವರಲ್ಲಿ ಭೇದಮಾಡದಿದ್ದರೆ, ಕ್ರಿಸ್ತನ ಸಭೆಯು ಮಾಡಬಹುದೋ?

ಐದನೆಯದಾಗಿ, ಈ ಕೆಲಸವನ್ನು ಮಾಡುವ ರೀತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಯಾಕಂದರೆ ಮಾಡುವ ವಿಧವನ್ನು ತಿಳಿಸದ ಬೋಧನೆಯು ಅರ್ಧ ಬೋಧನೆ.

ಮೊದಲು ಮುಳ್ಳನ್ನು ತೆಗೆಯಬೇಕು. ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾದಾಗ, ಬಳ್ಳಾರಿ ಜಾಲಿಯ ಬುಡವನ್ನು ಒಂದು ಅಡಿ ಆಳಕ್ಕೆ ಅಗೆದು ಬೇರುಸಹಿತವಾಗಿ ಕೀಳಿರಿ. ಮೇಲೆ ಕಡಿದು ಬಿಟ್ಟರೆ ಕೆಲಸವೆಲ್ಲಾ ವ್ಯರ್ಥ. ಸಮಾಧಿಗಳ ಮೇಲೆ ಬೆಳೆದದ್ದನ್ನು ಕೈಯಿಂದ ಮೆಲ್ಲಗೆ ತೆಗೆಯಿರಿ. ದಪ್ಪ ಕಟ್ಟಿಗೆಯನ್ನು ಸೌದೆಗೆ ಮಾರಿ ಬಂದ ಹಣವನ್ನು ತೋಟಕ್ಕೆ ಇಡಿರಿ. ಕಾಯಿಯಿಲ್ಲದ ಮುಳ್ಳುಕೊಂಬೆಗಳನ್ನು ಎಸೆಯಬೇಡಿರಿ. ಅವುಗಳಿಂದಲೇ ಹೊಸ ಸಸಿಗಳಿಗೆ ಬೇಲಿ ಕಟ್ಟಿರಿ. ಆದಾಮನ ಪಾಪದ ನಿಮಿತ್ತ ನೆಲದಿಂದ ಹುಟ್ಟಿದ ಮುಳ್ಳನ್ನು ಕರ್ತನು ತನ್ನ ತಲೆಯ ಮೇಲೆ ಹೊತ್ತುಕೊಂಡನು. ಸತ್ತವರನ್ನು ಮುಚ್ಚಿದ್ದ ಮುಳ್ಳು ಇನ್ನು ಬದುಕುವ ಗಿಡವನ್ನು ಕಾಯಲಿ.

ನಮ್ಮ ಸೀಮೆಯಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು 50 ಸೆಂಟಿಮೀಟರು ಮಾತ್ರ, ಅದರಲ್ಲಿ ಹೆಚ್ಚಿನದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಎರಡು ಅಡಿ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ತಿಪ್ಪೆಗೊಬ್ಬರವನ್ನೂ, ಎರೆಭೂಮಿಯಾದರೆ ಸ್ವಲ್ಪ ಕೆಂಪುಮಣ್ಣನ್ನೂ ಬೆರಸಿ ತುಂಬಿರಿ. ಮಳೆ ಹಿಡಿದ ಮೇಲೆ ಸಸಿ ನೆಡಿರಿ. ಅರಣ್ಯ ಇಲಾಖೆಯ ಸಸಿತೋಟಗಳಲ್ಲಿ ಕಡಿಮೆ ಬೆಲೆಗೆ ಸಸಿಗಳು ದೊರೆಯುತ್ತವೆ. ಕುರುಗೋಡಿನ ಗುಡ್ಡಗಳ ಬದಿಯ ಒಣನೆಲಕ್ಕೆ ಬೇವು, ಹುಣಸೆ, ಸೀತಾಫಲ ಒಳ್ಳೇವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ನೀರು ಬಂದು ಭತ್ತದ ಗದ್ದೆಗಳಾದ ಸಿರುಗುಪ್ಪದ ಕಡೆ, ತೇವದ ನೆಲಕ್ಕೆ ಹೊಂಗೆಯು ತಕ್ಕದ್ದು. ಬೇವಿನ ಬುಡದಲ್ಲಿ ನೀರು ನಿಲ್ಲಬಾರದು. ದೊಡ್ಡ ಮರಗಳನ್ನು ಎಲ್ಲೆಯ ಸುತ್ತಲೂ ನೆಡಿರಿ. ಆಲ ಅರಳಿಗಳನ್ನು ಸಮಾಧಿಗಳ ಹತ್ತಿರಕ್ಕೆ ತರಬೇಡಿರಿ, ಅವುಗಳ ಬೇರು ಕಲ್ಲನ್ನೂ ಸೀಳುವದು. ಸಮಾಧಿಗಳ ನಡುವೆ ನಂದಿಬಟ್ಟಲು, ದಾಸವಾಳ, ಮಲ್ಲಿಗೆಗಳಿರಲಿ. ಕಣಗಿಲೆಯನ್ನು ಮೇಕೆ ಮುಟ್ಟದೆಂದು ಹಲವರು ನೆಡುತ್ತಾರೆ. ಆದರೆ ಅದರ ಎಲೆ, ಕಾಯಿ, ಹಾಲು ಎಲ್ಲಾ ವಿಷ, ಮಕ್ಕಳು ಬರುವ ಸ್ಥಳದಲ್ಲಿ ಅದು ಬೇಡ.

ನೀರಿನ ವಿಷಯದಲ್ಲಿ ಒಂದು ಹಳೆಯ ಉಪಾಯವುಂಟು. ಸಸಿಯ ಪಕ್ಕದಲ್ಲಿ ಬಾಯಿಯ ವರೆಗೆ ಮಣ್ಣಿನ ಮಡಕೆಯೊಂದನ್ನು ಹೂತು, ನೀರು ತುಂಬಿ ಮುಚ್ಚಿಡಿರಿ. ನೀರು ಮೆಲ್ಲಗೆ ಜಿನುಗಿ ಬೇರಿಗೆ ಸೇರುವದು, ಬಿಸಿಲಿಗೆ ಹಾರಿಹೋಗದು. ಮೂರು ಬೇಸಿಗೆಗಳನ್ನು ದಾಟಿಸಿದರೆ ಮರವು ತನ್ನನ್ನು ತಾನು ನೋಡಿಕೊಳ್ಳುವದು. ಭಾನುವಾರದ ಶಾಲೆಯ ಮಕ್ಕಳಿಗೂ ಯೌವನಸ್ಥರಿಗೂ ವಾರಗಳನ್ನು ಹಂಚಿಕೊಡಿರಿ. ಅಜ್ಜನ ಸಮಾಧಿಯ ಬಳಿ ಗಿಡಕ್ಕೆ ನೀರು ಹಾಕಿದ ಹುಡುಗನು ಸಮಾಧಿಭೂಮಿಗೆ ಅಂಜುವದಿಲ್ಲ. ದೆವ್ವದ ಕಥೆಗಳು ಅವನ ಹತ್ತಿರ ನಿಲ್ಲವು.

ಕಡೆಗೆ, ಒಂದು ಪುಸ್ತಕವನ್ನು ಇಡಿರಿ. ಸಭೆಯಲ್ಲಿ ತೀರಿಕೊಂಡವರ ಹೆಸರನ್ನೂ, ಮರಣದ ದಿನವನ್ನೂ, ಮಣ್ಣುಮಾಡಿದ ಸ್ಥಳವನ್ನೂ ಅದರಲ್ಲಿ ಬರೆಯಿರಿ. ಮುದುಕರು ಬದುಕಿರುವಾಗಲೇ ಹಳೆಯ ಹೆಸರುಗಳನ್ನು ಕೇಳಿ ಬರೆದುಕೊಳ್ಳಿರಿ. ಹುಟ್ಟಿ ಕೆಲವು ಗಳಿಗೆ ಮಾತ್ರ ಬದುಕಿದ ಕೂಸುಗಳನ್ನು ಬಿಡಬೇಡಿರಿ. ಹೆಸರಿಡದಿದ್ದರೆ ತಾಯಿಯ ಹೆಸರಿನಿಂದ ಬರೆಯಿರಿ. ಸೋಂಕಿನಲ್ಲಿ ಹೋದವರನ್ನೂ, ದುಡಿಯುವದಕ್ಕೆ ದೂರದ ಪಟ್ಟಣಕ್ಕೆ ಹೋಗಿ ಅಲ್ಲಿಯೇ ಸತ್ತವರನ್ನೂ ಬರೆಯಿರಿ. ಪುನರುತ್ಥಾನದ ಬೆಳಗಿನಲ್ಲಿ ಆ ಹೆಸರುಗಳನ್ನು ತೋಟದಲ್ಲಿ ಗಟ್ಟಿಯಾಗಿ ಓದಿರಿ. ಮಳೆಬಿಸಿಲಿಗೆ ಕಲ್ಲು ಸವೆದರೂ, ಸಭೆಯ ಬಾಯಲ್ಲಿ ಹೆಸರು ಉಳಿಯಲಿ.

ಪ್ರಿಯರೇ, ಸತ್ಯವೇದವು ಒಂದು ತೋಟದಲ್ಲಿ ಆರಂಭವಾಗುತ್ತದೆ. ಅಲ್ಲಿ ಮನುಷ್ಯನು ಮರಣವನ್ನು ತಂದುಕೊಂಡನು. ಗೆತ್ಸೇಮನೆಯ ತೋಟದಲ್ಲಿ ಕರ್ತನು ಆ ಮರಣದ ಪಾತ್ರೆಯನ್ನು ಕೈಗೆ ತೆಗೆದುಕೊಂಡನು. ಕಪಾಲಸ್ಥಳದ ಬಳಿಯ ತೋಟದಲ್ಲಿ ಆತನನ್ನು ಮಲಗಿಸಿದರು. ಅದೇ ತೋಟದಲ್ಲಿ ಆತನು ಎದ್ದನು. ವಾರದ ಮೊದಲನೆಯ ದಿನದಲ್ಲಿ ಮರಿಯಳು ಕಣ್ಣೀರಿನ ನಡುವೆ ಆತನನ್ನು ನೋಡಿ, ತೋಟದವನೆಂದು ತಿಳಿದಳು. ಅವಳು ತಪ್ಪು ತಿಳಿದಳೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ನೆಲದಲ್ಲಿ ಹೂತದ್ದನ್ನು ಎಬ್ಬಿಸುವವನು ತೋಟದವನಲ್ಲದೆ ಮತ್ತಾರು? ಬಿತ್ತಿದ ಕಾಳು ಬೇರೆ, ಎದ್ದ ಪೈರು ಬೇರೆ ಕಾಂತಿಯುಳ್ಳದ್ದೆಂದು ಪೌಲನು ಕೊರಿಂಥದವರಿಗೆ ಬರೆದದ್ದೂ ಇದನ್ನೇ. ಆತನು ಅವಳನ್ನು ಹೆಸರು ಹಿಡಿದು ಕರೆದನು. ಆಗ ಅವಳು ಗುರುತಿಸಿದಳು. ನಮ್ಮ ಪುಸ್ತಕದಲ್ಲಿ ಬರೆದ ಹೆಸರುಗಳನ್ನೂ, ನಾವು ಬರೆಯಲಾರದೆ ಹೋದ ಹೆಸರುಗಳನ್ನೂ ಆತನು ಬಲ್ಲನು. ಗುಂಡಿಯಲ್ಲಿ ಮಲಗಿದವರನ್ನೂ ಬರಗಾಲದ ದಾರಿಯಲ್ಲಿ ಬಿದ್ದವರನ್ನೂ ಆತನು ಹೆಸರು ಹಿಡಿದು ಕರೆಯುವ ದಿನ ಬರುತ್ತದೆ. ಆ ದಿನದ ವರೆಗೆ ಮುಳ್ಳನ್ನು ಕಿತ್ತು, ಗಿಡವನ್ನು ನೆಟ್ಟು, ನೀರು ಹೊಯ್ದು ಕಾದುಕೊಂಡಿರುವದು ನಮ್ಮ ಪಾಲಿನ ಕೆಲಸ.

ಜೀವದಾತನಾದ ಕರ್ತನೇ, ನಿನ್ನಲ್ಲಿ ನಿದ್ರೆಹೋದ ನಮ್ಮವರಿಗಾಗಿ ನಿನ್ನನ್ನು ಸ್ತುತಿಸುತ್ತೇವೆ. ತಮ್ಮವರನ್ನು ಇಟ್ಟ ಸ್ಥಳವನ್ನು ಅರಿಯದೆ ಅಳುವವರ ಬಳಿಯಲ್ಲಿ ನೀನೇ ನಿಂತು, ಅವರ ಹೆಸರನ್ನು ಹಿಡಿದು ಕರೆ. ನಮ್ಮ ಕೈಗಳ ಕೆಲಸವನ್ನು ಆಶೀರ್ವದಿಸು. ಆಮೆನ್.